ಎಸ್.ಪಿ. ರಸ್ತೆಯಲ್ಲಿ ಒಂದು ಆಟದ ಪೆಟ್ಟಿಗೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗದ ಎಲೆಕ್ಟ್ರಾನಿಕ್ ವಸ್ತು ಇನ್ನೂ ತಯಾರೇ ಆಗಿಲ್ಲ ಎಂದು ನಾವು ಮೇಷ್ಟರುಗಳು ತಮಾಷೆ ಮಾಡುವುದುಂಟು. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಎಲ್.ಇ.ಡಿ., ಪುಟ್ಟ ಮೋಟಾರು, ತಾಮ್ರದ ತಂತಿ ತರಲು ವರ್ಷಕ್ಕೊಮ್ಮೆಯಾದರೂ ತುಮಕೂರಿನಿಂದ ಅಲ್ಲಿಗೆ ಹೋಗಿಬರುವ ನನಗೆ ಅದು ಹೊಸ ಜಾಗವೇನಲ್ಲ. ಆದರೆ ದಸರಾ ರಜೆಯ ಆ ಶನಿವಾರ ಹೊರಟದ್ದು ಬೇರೆಯೇ ಕೆಲಸಕ್ಕೆ. ಕೈ ಹಿಡಿದು ಜೊತೆಗೆ ಬಂದವಳು ಆರು ವರ್ಷದ ಮೊಮ್ಮಗಳು. ಕೊಳ್ಳಬೇಕಾಗಿದ್ದದ್ದು ಅವಳಿಗೊಂದು ವಿಡಿಯೋ ಗೇಮ್.

ಆಜ್ಞೆ ಮಗಳದು. ‘ಅಪ್ಪಾ, ನೀನು ಸೈನ್ಸ್ ಮೇಷ್ಟ್ರು. ಅಂಗಡಿಯವರು ಹೇಳುವುದು ನಿನಗೆ ಅರ್ಥವಾಗುತ್ತದೆ. ನೋಡಿ ಒಂದು ಆರಿಸಿಕೊಂಡು ಬಾ’ ಎಂದು ಹಣ ಕೈಗಿತ್ತಳು. ಬಾಗಿಲು ದಾಟುವಾಗ ಮತ್ತೆ ಕೂಗಿ, ‘ಎರಡು ರಿಮೋಟ್ ಇರಬೇಕು, ಎರಡೂ ಕೆಲಸ ಮಾಡಬೇಕು’ ಎಂದಳು. ಇದೇನು ದೊಡ್ಡ ಷರತ್ತು ಎಂದುಕೊಂಡು ತಲೆಯಾಡಿಸಿದೆ. ಆ ಮಾತಿನ ಹಿಂದೆ ಇಪ್ಪತ್ತೊಂದು ವರ್ಷದ ಲೆಕ್ಕವೊಂದು ಬಾಕಿ ಇದೆಯೆಂಬುದು ಆಗ ಹೊಳೆಯಲಿಲ್ಲ.

ರೈಲಿನಲ್ಲಿ ಸಿಕ್ಕ ಉತ್ತರ

ಫೋನಿನಲ್ಲೇ ಬೇಕಾದಷ್ಟು ಆಟ ಬಿಟ್ಟಿಯಾಗಿ ಸಿಗುವಾಗ ಪ್ರತ್ಯೇಕ ಯಂತ್ರವೇಕೆ? ಅನೇಕ ತಂದೆತಾಯಂದಿರ ಪ್ರಶ್ನೆ ಇದು, ನನ್ನದೂ ಆಗಿತ್ತು. ಇದಕ್ಕೆ ಉತ್ತರ ತುಮಕೂರು ಬಿಟ್ಟು ಕ್ಯಾತ್ಸಂದ್ರ ದಾಟುವಷ್ಟರಲ್ಲಿಯೇ ಸಿಕ್ಕಿತು.

ಮೊಮ್ಮಗಳು ನನ್ನ ಫೋನು ಕಸಿದುಕೊಂಡು ಹಣ್ಣುಗಳನ್ನು ಸಾಲು ಜೋಡಿಸುವ ಆಟವೊಂದನ್ನು ಆಡತೊಡಗಿದಳು. ಎರಡು ನಿಮಿಷ ಆಟ, ಬಳಿಕ ಅರ್ಧ ನಿಮಿಷ ಜಾಹೀರಾತು. ಜಾಹೀರಾತಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಗುಣಾಕಾರ ಚಿಹ್ನೆ. ಅದನ್ನು ಒತ್ತಲು ಹೋದರೆ ಮಗುವಿನ ಬೆರಳು ಜಾಹೀರಾತಿನ ಮೇಲೇ ಬೀಳುವುದು. ನಾಲ್ಕು ಸಲ ಸೋತ ಮೇಲೆ ‘ಇನ್ನೈದು ಜೀವ ಬೇಕೆ? ಹಣ ಕೊಡಿ’ ಎಂಬ ಪ್ರಶ್ನೆ. ಅವಳು ತಲೆಯೆತ್ತಿ ‘ಅಜ್ಜಾ, ಹಣ ಕೊಡ್ತೀಯಾ?’ ಎಂದಳು. ‘ಈ ಆಟ ಯಾವಾಗ ಮುಗಿಯುತ್ತೆ?’ ಎಂದು ನಾನು ಕೇಳಿದೆ. ‘ಇದು ಮುಗಿಯೋದೇ ಇಲ್ಲ’ ಎಂದಳು. ಅದರಲ್ಲಿ ಹೆಮ್ಮೆಯೂ ಇತ್ತು, ಸ್ವಲ್ಪ ಸುಸ್ತೂ ಇತ್ತು.

ಇಂಥ ಬಿಟ್ಟಿ ಆಟಗಳ ಗುಟ್ಟು ಇಷ್ಟೇ. ಆಡುವವರು ಎದ್ದುಹೋದರೆ ಮಾಡಿದವನಿಗೆ ನಷ್ಟ. ಆದ್ದರಿಂದ ಆಟ ಮುಗಿಯಬಾರದು. ಹಣ ಕೊಟ್ಟು ಒಮ್ಮೆ ಕೊಂಡ ಆಟದ ಕಾರ್ಡಿನಲ್ಲಿ ಈ ಒತ್ತಾಯ ಕಡಿಮೆ. ಕಥೆಗೊಂದು ಕೊನೆಯಿರುವಂತೆ ಅದಕ್ಕೂ ಕೊನೆಯಿರುತ್ತದೆ. ಗೆದ್ದ ಮಗು ಎದ್ದು ಹೊರಗೆ ಹೋಗುತ್ತದೆ. ಹೊಸ ಯಂತ್ರಗಳಲ್ಲಿಯೂ ಅಂತರ್ಜಾಲದ ಮೂಲಕ ಹಣ ಕೇಳುವ ಆಟಗಳುಂಟು, ನಿಜ. ಆದರೆ ಅವನ್ನು ಹಾಕದಿರುವ, ಅಂತರ್ಜಾಲವನ್ನೇ ಜೋಡಿಸದಿರುವ ಸ್ವಾತಂತ್ರ್ಯ ಮನೆಯವರ ಕೈಯಲ್ಲಿ ಉಳಿದಿರುತ್ತದೆ. ಇನ್ನೊಂದು ಸಂಗತಿ. ಫೋನು ಮಗುವಿನ ಮುಖಕ್ಕೂ ಅಂಗೈಗೂ ನಡುವೆ ನಡೆಯುವ ಗುಟ್ಟಿನ ವ್ಯವಹಾರ. ಟಿ.ವಿ.ಗೆ ಜೋಡಿಸುವ ಪೆಟ್ಟಿಗೆಯಾದರೋ ನಡುಮನೆಯಲ್ಲಿ ಎಲ್ಲರ ಕಣ್ಣೆದುರಿಗೆ ಇರುವಂಥದು.

ಯಶವಂತಪುರದಲ್ಲಿ ಇಳಿದು ಮೆಟ್ರೋದ ಹಸಿರು ಮಾರ್ಗ ಹಿಡಿದೆವು. ಸಂಪಿಗೆ ರಸ್ತೆ ನಿಲ್ದಾಣದವರೆಗೆ ಮನೆಗಳ ಮಹಡಿಗಳ ಮಟ್ಟದಲ್ಲಿ ಓಡಿದ ರೈಲು ಆಮೇಲೆ ನೆಲದೊಳಕ್ಕೆ ಇಳಿಯಿತು. ಮೊಮ್ಮಗಳು ಫೋನನ್ನು ನನ್ನ ಜೇಬಿಗೆ ತುರುಕಿ ಕಿಟಕಿಗೆ ಮೂಗೊತ್ತಿ ನಿಂತಳು. ಕತ್ತಲ ಸುರಂಗದ ಮುಂದೆ ಹಣ್ಣಿನ ಆಟ ಸೋತಿತ್ತು. ಚಿಕ್ಕಪೇಟೆಯಲ್ಲಿ ಹೊರಬಂದು, ಅವೆನ್ಯೂ ರಸ್ತೆಯ ಪುಸ್ತಕದ ಅಂಗಡಿಗಳನ್ನು ಹಾದು, ನಗರ್ತಪೇಟೆಯ ಗಲ್ಲಿಗಳಲ್ಲಿ ಕೈಗಾಡಿಗಳಿಗೆ ದಾರಿ ಬಿಡುತ್ತ ಬಿಡುತ್ತ ಎಸ್.ಪಿ. ರಸ್ತೆ ಸೇರುವಾಗ ಹನ್ನೊಂದಾಗಿತ್ತು.

ಕ್ಯೋಟೋದಿಂದ ಬಂದ ಪೆಟ್ಟಿಗೆ

ಅರ್ಧ ತೆರೆದ ಷಟರುಗಳು, ಬಾಗಿಲಿಗೆ ತೋರಣದಂತೆ ನೇತುಬಿಟ್ಟ ಕೇಬಲ್ಲುಗಳು, ರಟ್ಟಿನ ಪೆಟ್ಟಿಗೆ ಹೊತ್ತವರ ‘ಸೈಡ್, ಸೈಡ್’ ಕೂಗು, ಒಳಗಿನಿಂದ ಬೆಸುಗೆ ಸೀಸದ ಹೊಗೆಯ ವಾಸನೆ. ಎಸ್.ಪಿ. ರಸ್ತೆಯ ಅಂಗಡಿಗಳು ಅಗಲದಲ್ಲಿ ಚಿಕ್ಕವು, ಆಳದಲ್ಲಿ ದೊಡ್ಡವು. ಒಳಗೆ ಹೋದಷ್ಟೂ ವಸ್ತುಗಳ ವಯಸ್ಸು ಹೆಚ್ಚುತ್ತ ಹೋಗುತ್ತದೆ. ಬಾಗಿಲಲ್ಲಿ ಈ ವರ್ಷದ ಇಯರ್‌ಫೋನು, ನಡುವೆ ಕಂಪ್ಯೂಟರು, ಹಿಂಬದಿಯ ಗೋಡೆಗೆ ಟೇಪ್‌ರೆಕಾರ್ಡರಿನ ಬೆಲ್ಟು. ಭೂಗರ್ಭಶಾಸ್ತ್ರದವರ ಪದರಗಳ ಹಾಗೆ.

ನಾವು ಹೊಕ್ಕ ಮೊದಲ ಅಂಗಡಿ ರಿಪೇರಿಯವರದು. ಷೆಲ್ಫಿನ ಮೇಲೆ ಕೆಂಪು ಬಿಳಿ ಬಣ್ಣದ, ಕ್ಯಾಸೆಟ್ ತೂರಿಸುವ ಆಟದ ಪೆಟ್ಟಿಗೆಗಳಿದ್ದವು. ಒಂದು ಕಾಲಕ್ಕೆ ಟರ್ಮಿನೇಟರ್, ಲಿಟಲ್ ಮಾಸ್ಟರ್ ಮುಂತಾದ ಹೆಸರುಗಳಲ್ಲಿ ನಮ್ಮ ಊರುಗಳಿಗೂ ಬಂದವು ಇವೇ. ಇವೆಲ್ಲದರ ಮೂಲ ಜಪಾನಿನ ಕ್ಯೋಟೋ ನಗರ. 1889ರಲ್ಲಿ ಹೂವಿನ ಚಿತ್ರಗಳ ಇಸ್ಪೀಟು ಎಲೆ ತಯಾರಿಸಲು ಅಲ್ಲಿ ಶುರುವಾದ ನಿಂಟೆಂಡೋ ಎಂಬ ಸಂಸ್ಥೆ 1983ರ ಜುಲೈನಲ್ಲಿ ಒಂದು ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದಕ್ಕಿಟ್ಟ ಹೆಸರು ‘ಫ್ಯಾಮಿಲಿ ಕಂಪ್ಯೂಟರ್’. ವಿದೇಶಗಳಲ್ಲಿ ಮಾರಾಟವಾದದ್ದೂ ಸೇರಿ 6 ಕೋಟಿಗಿಂತ ಹೆಚ್ಚು ಪೆಟ್ಟಿಗೆಗಳು ಖರ್ಚಾದವು. ನಾವು ಕಂಡದ್ದು ಅದರ ನಕಲುಗಳನ್ನು.

ಹೆಸರು ಗಮನಿಸಿ: ಕುಟುಂಬದ ಕಂಪ್ಯೂಟರು. ಮೂಲ ಯಂತ್ರದಲ್ಲಿ ಎರಡು ಕಂಟ್ರೋಲರುಗಳನ್ನು ಬಿಚ್ಚಲಾಗದಂತೆ ಪೆಟ್ಟಿಗೆಗೇ ಜೋಡಿಸಿದ್ದರು. ಎರಡನೆಯದಕ್ಕೆ ಆಟ ಆರಂಭಿಸುವ ಗುಂಡಿ ಇರಲಿಲ್ಲ, ಬದಲಿಗೆ ಒಂದು ಪುಟ್ಟ ಮೈಕ್ ಇತ್ತು. ಒಬ್ಬ ಶುರು ಮಾಡಬೇಕು, ಇನ್ನೊಬ್ಬ ಪಕ್ಕದಲ್ಲಿ ಕೂತು ದನಿ ಸೇರಿಸಬೇಕು. ಒಂಟಿಯಾಗಿ ಆಡುವವರಿಗೂ ಎರಡನೆಯ ಕೈಯನ್ನು ಬೇಡವೆನ್ನುವ ಅವಕಾಶವನ್ನು ಆ ಯಂತ್ರ ಕೊಡಲಿಲ್ಲ.

ಒಳಗಿದ್ದ ಎಲೆಕ್ಟ್ರಾನಿಕ್ಸ್ ಎಷ್ಟು? ಕೆಲಸದ ಸ್ಮರಣಶಕ್ತಿ 2 ಕಿಲೋಬೈಟ್. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಆಟ ಪೂರ್ತಿಯಾಗಿ 40 ಕಿಲೋಬೈಟ್‌ನಲ್ಲಿ ಅಡಗಿತ್ತು. ಇಂದು ಫೋನಿನಲ್ಲಿ ತೆಗೆದ 3 ಮೆಗಾಬೈಟಿನ ಒಂದೇ ಒಂದು ಫೋಟೋದ ಜಾಗದಲ್ಲಿ ಅಂಥ ಎಪ್ಪತ್ತೈದು ಮಾರಿಯೋಗಳನ್ನು ಕೂರಿಸಬಹುದು. ಮಕ್ಕಳ ಖುಷಿಗೂ ಯಂತ್ರದ ಬಲಕ್ಕೂ ನೇರ ಅನುಪಾತವಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

‘9999999 ಆಟಗಳು’ ಎಂದು ಬರೆದಿದ್ದ ಕ್ಯಾಸೆಟ್ಟನ್ನು ಅಂಗಡಿಯವರು ತೂರಿಸಿದರು. ಪರದೆ ಬರಲಿಲ್ಲ. ನಾನು ಅಭ್ಯಾಸಬಲದಿಂದ ಊದಲು ಹೋದೆ. ಅವರು ನಕ್ಕು, ಕ್ಯಾಸೆಟ್ಟು ಕಿತ್ತುಕೊಂಡು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅದರ ತಾಮ್ರದ ಹಲ್ಲುಗಳನ್ನು ಮೆಲ್ಲನೆ ಉಜ್ಜಿದರು. ‘ಊದಿದರೆ ಎಂಜಲಿನ ತೇವಕ್ಕೆ ತುಕ್ಕು ಸಾರ್. ಊದಿದ ಮೇಲೆ ಆಡುತ್ತಿತ್ತಲ್ಲ, ಅದು ತೆಗೆದು ಮತ್ತೆ ಹಾಕಿದ್ದಕ್ಕೆ’ ಎಂದರು. ಒಂದು ತಲೆಮಾರಿನ ಮಕ್ಕಳೆಲ್ಲ ನಂಬಿದ್ದ ವಿಜ್ಞಾನ ಹೀಗೆ ಅರ್ಧ ನಿಮಿಷದಲ್ಲಿ ಬಿದ್ದುಹೋಯಿತು. ಅಂದ ಹಾಗೆ, ಆ ಕೋಟಿಗೆ ಒಂದು ಕಡಿಮೆಯಿದ್ದ ಆಟಗಳಲ್ಲಿ ಬೇರೆ ಬೇರೆಯವು ಬೆರಳೆಣಿಕೆಯಷ್ಟು. ಉಳಿದದ್ದು ಅವೇ ಆಟಗಳು, ಬೇರೆ ಹಂತದಿಂದ ಆರಂಭವಾಗುವಂಥವು.

ಗುರಿ ತಪ್ಪುವ ಪಿಸ್ತೂಲು

ಮೂಲೆಯಲ್ಲಿ ಪರೀಕ್ಷೆಗೆಂದು ಉಳಿಸಿಕೊಂಡಿದ್ದ ಡುಬ್ಬದ ಹಳೇ ಟಿ.ವಿ. ಇತ್ತು. ಬಾತುಕೋಳಿ ಹೊಡೆಯುವ ಆಟ ಹಾಕಿ ಮೊಮ್ಮಗಳ ಕೈಗೆ ಪ್ಲಾಸ್ಟಿಕ್ ಪಿಸ್ತೂಲು ಕೊಟ್ಟರು. ಮೂರನೆಯ ಏಟಿಗೆ ಬಾತು ಬಿತ್ತು. ಅವಳ ಕಿರುಚಾಟಕ್ಕೆ ಎದುರಂಗಡಿಯವರೂ ತಿರುಗಿ ನೋಡಿದರು. ‘ಇದೇ ಬೇಕು ಅಜ್ಜಾ!’

ಅಂಗಡಿಯವರು ಪ್ರಾಮಾಣಿಕರು. ಅದೇ ಆಟವನ್ನು ಪಕ್ಕದ ಚಪ್ಪಟೆ ಟಿ.ವಿ.ಗೆ ಜೋಡಿಸಿ, ‘ಈಗ ಹೊಡಿ ಪುಟ್ಟಿ’ ಎಂದರು. ಪರದೆಗೆ ತಾಗಿಸಿ ಹೊಡೆದರೂ ಬಾತು ಬೀಳಲಿಲ್ಲ. ಅವಳು ನನ್ನ ಮುಖ ನೋಡಿದಳು. ಮೇಷ್ಟರಿಗೆ ಕರೆ ಬಂದಿತ್ತು.

ಆ ಪಿಸ್ತೂಲಿನಿಂದ ಏನೂ ಹೊರಡುವುದಿಲ್ಲ. ಅದರೊಳಕ್ಕೆ ಬೆಳಕು ಹೋಗುತ್ತದೆ. ತುದಿಯಲ್ಲಿ ಒಂದು ಮಸೂರ, ಹಿಂದೆ ಬೆಳಕಿಗೆ ಸ್ಪಂದಿಸುವ ಡಯೋಡು. ಕುದುರೆ ಎಳೆದೊಡನೆ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತದೆ. ಮರುಕ್ಷಣ ಬಾತು ಇದ್ದ ಜಾಗದಲ್ಲಿ ಬಿಳಿ ಚೌಕವೊಂದು ಮೂಡುತ್ತದೆ. ಡಯೋಡು ಮೊದಲು ಕತ್ತಲೆ, ಕೂಡಲೇ ಬೆಳಕು ಕಂಡರೆ ಗುರಿ ಸರಿ. ಸೆಕೆಂಡಿಗೆ ಐವತ್ತು ಅರವತ್ತು ಬಾರಿ ಚಿತ್ರ ಬರೆಯುವ ಹಳೆಯ ಟಿ.ವಿ.ಯಲ್ಲಿ ಇದೆಲ್ಲ ಕಣ್ಣಿಗೆ ಮಿಂಚಿದಂತೆ ಮಾತ್ರ ಕಾಣುತ್ತದೆ. ಹೊಸ ಚಪ್ಪಟೆ ಟಿ.ವಿ.ಗಳು ಬಂದ ಚಿತ್ರವನ್ನು ಮೊದಲು ಸಂಸ್ಕರಿಸಿ, ಕೊಂಚ ತಡವಾಗಿ ತೋರಿಸುತ್ತವೆ. ಪಿಸ್ತೂಲು ಬೆಳಕಿಗಾಗಿ ಕಾದ ಕ್ಷಣ ಕಳೆದುಹೋದ ಮೇಲೆ ಬೆಳಕು ಬರುತ್ತದೆ. ‘ಬಾತು ಇದೆ, ಹೊಡೆದದ್ದೂ ಸರಿ. ಟಿ.ವಿ. ಲೇಟು’ ಎಂದೆ. ಅವಳಿಗೆ ಎಷ್ಟು ತಿಳಿಯಿತೋ, ‘ಪಾಪ ಬಾತು’ ಎಂದಳು.

ತಂದೆತಾಯಂದಿರಿಗೆ ಇಲ್ಲೊಂದು ಪಾಠವಿದೆ. ಅಂಗಡಿಗೆ ಹೊರಡುವ ಮೊದಲು ಮನೆಯ ಟಿ.ವಿ.ಯ ಬೆನ್ನು ನೋಡಿಕೊಳ್ಳಬೇಕು. ಹಳೆಯ ಪೆಟ್ಟಿಗೆಗಳಿಗೆ ಹಳದಿ, ಬಿಳಿ, ಕೆಂಪು ಗುಂಡು ತೂತುಗಳು ಬೇಕು, ಹೊಸವಕ್ಕೆ ಎಚ್.ಡಿ.ಎಂ.ಐ. ಎಂಬ ಚಪ್ಪಟೆ ಕಿಂಡಿ ಬೇಕು. ಹೊರದೇಶದಿಂದ ತಂದ ಯಂತ್ರವಾದರೆ ಅಡಾಪ್ಟರಿನ ಮೇಲಿನ ಸಣ್ಣ ಅಕ್ಷರ ಓದಬೇಕು. ಜಪಾನಿನ ಮನೆಗಳಲ್ಲಿರುವುದು 100 ವೋಲ್ಟ್, ನಮ್ಮಲ್ಲಿ 230. ‘100-240’ ಎಂದಿದ್ದರೆ ಸರಿ. ಬರೀ ‘100’ ಎಂದಿದ್ದರೆ ನಮ್ಮ ಗೋಡೆಗೆ ಚುಚ್ಚಿದ ಕ್ಷಣವೇ ಅದರ ಆಯುಸ್ಸು ಮುಗಿಯಬಹುದು.

ಆ ಅಂಗಡಿಯಿಂದ ಹೊರಡುವ ಮುನ್ನ ಎರಡನೆಯ ಕಂಟ್ರೋಲರಿನ ವೈರು ನೆಲದ ಮೇಲೆ ಬಿದ್ದಿರುವುದು ಕಣ್ಣಿಗೆ ಬಿತ್ತು. ಆಗ ನೆನಪಾಯಿತು.

ಜೋಡಿಸದ ವೈರು

2004ರ ಬೇಸಿಗೆ ರಜೆ. ಒಂಬತ್ತು ವರ್ಷದ ಮಗನಿಗೆ ಇಂಥದೇ ಕೆಂಪು ಬಿಳಿ ಪೆಟ್ಟಿಗೆ ತಂದುಕೊಟ್ಟಿದ್ದೆ. ಮಗಳಿಗೆ ಆಗ ಏಳು. ‘ಅವಳಿಗೂ ಆಡಲು ಕೊಡೋ’ ಎಂದು ನಾನು ಹೇಳಿದ್ದಕ್ಕೆ ಮಗ ಎರಡನೆಯ ರಿಮೋಟನ್ನು ತಂಗಿಯ ಕೈಗಿತ್ತ. ಅದರ ವೈರನ್ನು ಮಾತ್ರ ಪೆಟ್ಟಿಗೆಗೆ ಚುಚ್ಚಲಿಲ್ಲ. ಪರದೆಯ ಮೇಲೆ ಕಾಣುವ ಶತ್ರುವೇ ನೀನು ಎಂದು ಅವಳಿಗೆ ಹೇಳಿದ್ದ. ಆ ಹುಡುಗಿ ದಿನಗಟ್ಟಲೆ, ನಾಲಿಗೆ ಹೊರಚಾಚಿಕೊಂಡು, ಏನೂ ಮಾಡದ ಗುಂಡಿಗಳನ್ನು ಒತ್ತುತ್ತ ಕೂತಿದ್ದಳು. ‘ನಾನು ಗೆದ್ದೆನಾ?’ ಎಂದು ಅಣ್ಣನನ್ನು ಕೇಳುತ್ತಿದ್ದಳು.

ನನಗೆ ಇದು ಗೊತ್ತಿತ್ತು. ಕಾಫಿ ಕುಡಿಯುತ್ತ ನೋಡಿ ನಕ್ಕಿದ್ದೆ. ಗುಟ್ಟು ಬಯಲಾಗಿ ಅವಳು ಅತ್ತಾಗಲೂ ‘ಹೋಗಲಿ ಬಿಡು, ಅದು ಹುಡುಗರ ಆಟ’ ಎಂದಿದ್ದೆ. ತರಗತಿಯಲ್ಲಿ ಹುಡುಗಿಯರಿಗೂ ಸರ್ಕ್ಯೂಟು ಜೋಡಿಸಲು ಕೊಡಬೇಕೆಂದು ಭಾಷಣ ಮಾಡುವ ಮೇಷ್ಟರು ನಾನು. ಮನೆಯಲ್ಲಿ ಒಂದು ವೈರು ಚುಚ್ಚಿಕೊಡಲು ಎದ್ದಿರಲಿಲ್ಲ. ಮುಂದೆ ಮಗಳು ವಿಡಿಯೋ ಗೇಮಿನ ಹತ್ತಿರ ಬರಲಿಲ್ಲ. ಆಸಕ್ತಿ ಇಲ್ಲ ಎಂದುಕೊಂಡೆವು.

‘ಎರಡು ರಿಮೋಟ್ ಇರಬೇಕು, ಎರಡೂ ಕೆಲಸ ಮಾಡಬೇಕು.’ ಎಸ್.ಪಿ. ರಸ್ತೆಯ ನಡುವೆ ನಿಂತು ಆ ಮಾತನ್ನು ಮತ್ತೊಮ್ಮೆ ಹೇಳಿಕೊಂಡೆ. ಮೊಮ್ಮಗಳು ‘ಅಜ್ಜಾ, ಆಟೋ ಬಂತು’ ಎಂದು ಪಕ್ಕಕ್ಕೆಳೆದಳು.

ಆರಿಸುವ ಬಗೆ

ಮುಂದಿನ ಅಂಗಡಿಗಳನ್ನು ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಚಿಕ್ಕ ಮಕ್ಕಳಿರುವವರಿಗೆ ಉಪಯೋಗವಾದೀತೆಂದು ಕಂಡದ್ದನ್ನು ಹೇಳುತ್ತೇನೆ.

ಮೊದಲು ಎದುರಾಗುವುದು ಅಂಗೈಯಗಲದ, ನಾನೂರು ಆಟಗಳ ಅಗ್ಗದ ಪೆಟ್ಟಿಗೆ. ಹುಟ್ಟುಹಬ್ಬದ ಉಡುಗೊರೆಗೆಂದು ಅನೇಕರು ಇದನ್ನೇ ಕೊಳ್ಳುತ್ತಾರೆ. ಪರದೆ ಚಿಕ್ಕದು, ಕತ್ತು ಬಗ್ಗಿಸಿ ಒಬ್ಬರೇ ಆಡಬೇಕು. ಹಿಂದಿನ ಮುಚ್ಚಳ ತೆಗೆದರೆ ಹಳೆಯ ಮೊಬೈಲುಗಳಲ್ಲಿದ್ದಂಥ ಲಿಥಿಯಂ ಬ್ಯಾಟರಿ. ಮುಚ್ಚಳ ಉಗುರಿಗೆ ಬಿಚ್ಚಿಕೊಳ್ಳುವಂತಿದ್ದರೆ ಚಿಕ್ಕ ಮಕ್ಕಳ ಮನೆಗೆ ಅದು ಬೇಡ. ಅದಕ್ಕಿಂತ ಅಪಾಯದ್ದು ನಾಣ್ಯದಾಕಾರದ ಬಟನ್ ಸೆಲ್. ಮಗು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿನ ತೇವದಲ್ಲಿ ವಿದ್ಯುತ್ ಹರಿದು ಕ್ಷಾರ ಹುಟ್ಟುತ್ತದೆ. ಎರಡೇ ಗಂಟೆಯಲ್ಲಿ ತೀವ್ರ ಸುಟ್ಟಗಾಯವಾಗಬಹುದು. ಬಟನ್ ಸೆಲ್ ಇರುವ ಯಾವುದೇ ಆಟಿಕೆಯ ಮುಚ್ಚಳಕ್ಕೆ ಸ್ಕ್ರೂ ಇದೆಯೇ ಎಂದು ಅಂಗಡಿಯಲ್ಲಿಯೇ ನೋಡಬೇಕು. ನುಂಗಿದ ಅನುಮಾನ ಬಂದರೂ ಸಾಕು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಎರಡನೆಯದು ಟಿ.ವಿ.ಯ ಕಿಂಡಿಗೆ ಚುಚ್ಚುವ ಕಡ್ಡಿ. ಎರಡು ತಂತಿಯಿಲ್ಲದ ಕಂಟ್ರೋಲರು, ಒಳಗೆ ‘ಹತ್ತು ಸಾವಿರ’ ಹಳೆಯ ಆಟ. ಅಗ್ಗ, ಅಂತರ್ಜಾಲ ಬೇಡ, ಇಬ್ಬರೂ ಆಡಬಹುದು. ನನ್ನ ಮನಸ್ಸು ಅರ್ಧ ಒಪ್ಪಿತ್ತು. ಆದರೆ ಮೂವತ್ತು ವರ್ಷ ಹಿಂದಿನ ಆಟಗಳನ್ನು ಹೀಗೆ ರಾಶಿ ಹಾಕಿ ಮಾರುವಾಗ ಅವುಗಳನ್ನು ಮಾಡಿದವರ ಅನುಮತಿ ಕೇಳಿರುವುದಿಲ್ಲ. ಪರೀಕ್ಷೆಯಲ್ಲಿ ನಕಲು ಮಾಡಬೇಡಿ ಎನ್ನುವ ಬಾಯಿ ಇದಕ್ಕೆ ಹೂಂ ಎನ್ನಲು ಹಿಂಜರಿಯಿತು. ಅಲ್ಲದೆ ಹತ್ತು ಸಾವಿರದಲ್ಲಿ ಆರು ವರ್ಷದವಳಿಗೆ ಯಾವುದು ತಕ್ಕದ್ದು, ಯಾವುದಲ್ಲ ಎಂದು ಹುಡುಕುವವರು ಯಾರು?

ಮೂರನೆಯದು ದೊಡ್ಡ ಯಂತ್ರಗಳು. ಎಕ್ಸ್‌ಬಾಕ್ಸ್‌ನ ಈಗಿನ ಪೀಳಿಗೆ 2020ರ ನವೆಂಬರ್‌ನಲ್ಲಿ ಭಾರತಕ್ಕೆ ಬಂದಾಗ ಚಿಕ್ಕದರ ಬೆಲೆ 34,990, ದೊಡ್ಡದರದು 49,990 ರೂಪಾಯಿ ಇತ್ತು. 2021ರ ಫೆಬ್ರವರಿಯಲ್ಲಿ ಬಂದ ಪ್ಲೇಸ್ಟೇಷನ್ 5ಕ್ಕೂ 49,990 ರೂಪಾಯಿ. ಹೈಸ್ಕೂಲು ಕಾಲೇಜಿನವರಿಗೆ ಇವು ಸೊಗಸು. ಆದರೆ ಪ್ಲೇಸ್ಟೇಷನ್ 5ರ ಕಂಟ್ರೋಲರಿನ ತೂಕ ಸುಮಾರು 280 ಗ್ರಾಂ. ಮೊಮ್ಮಗಳು ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳು ನಡುವಿಗೆ ಎಟುಕದೆ, ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಶಾಲೆಯ ಚೀಲದ ಭಾರದ ಬಗ್ಗೆ ಚಿಂತಿಸುವವರು ಇದನ್ನೂ ಮಗುವಿನ ಕೈಯಲ್ಲಿಟ್ಟೇ ನೋಡಬೇಕು.

ನಾಲ್ಕನೆಯದು ನಿಂಟೆಂಡೋದವರದೇ ‘ಸ್ವಿಚ್’. 2017ರ ಮಾರ್ಚ್‌ನಲ್ಲಿ ಬಂದ ಇದು 15 ಕೋಟಿಗಿಂತ ಹೆಚ್ಚು ಮಾರಾಟವಾಗಿದೆ. ಟಿ.ವಿ.ಗೂ ಜೋಡಿಸಬಹುದು, ಕೈಯಲ್ಲೂ ಹಿಡಿಯಬಹುದು. ಇದರ ವಿಶೇಷವೆಂದರೆ ಕಂಟ್ರೋಲರು ಎರಡು ತುಂಡಾಗಿ ಬಿಚ್ಚಿಕೊಳ್ಳುತ್ತದೆ. ಒಂದೊಂದರ ತೂಕ ಸುಮಾರು 50 ಗ್ರಾಂ. ಒಬ್ಬೊಬ್ಬರಿಗೆ ಒಂದೊಂದು ತುಂಡು. ಕ್ಯೋಟೋದವರು ಮೂವತ್ತನಾಲ್ಕು ವರ್ಷದ ಬಳಿಕವೂ ಎರಡನೆಯ ಕೈಯನ್ನು ಮರೆತಿರಲಿಲ್ಲ. 2025ರ ಜೂನ್‌ನಲ್ಲಿ ಇದರ ಮುಂದಿನ ಪೀಳಿಗೆ ಬಂದಿರುವುದರಿಂದ ಒಬ್ಬರು ಬಳಸಿ ಬಿಟ್ಟ ಹಳೆಯವು ಇಂಥ ಅಂಗಡಿಗಳಲ್ಲಿ ಸಿಗುತ್ತವೆ. ಒಂದು ಎಚ್ಚರಿಕೆ: 2019ರಲ್ಲಿ ಬಂದ ‘ಸ್ವಿಚ್ ಲೈಟ್’ ನೋಡಲು ಇದರಂತೆಯೇ ಇದ್ದು ಅಗ್ಗವಾಗಿರುತ್ತದೆ. ಅದನ್ನು ಟಿ.ವಿ.ಗೆ ಜೋಡಿಸಲಾಗದು, ಕಂಟ್ರೋಲರುಗಳೂ ಬಿಚ್ಚಿಬರುವುದಿಲ್ಲ.

ಅದರ ಆಟದ ಕಾರ್ಡು ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಮಗು ಬಾಯಿಗೆ ಹಾಕಿಕೊಂಡರೆ? ಅಂಗಡಿಯ ಹುಡುಗ ‘ನೆಕ್ಕಿ ನೋಡಿ ಸಾರ್’ ಎಂದ. ನಾಲಿಗೆಯ ತುದಿ ತಾಗಿಸಿದೆ. ಹಾಗಲಕಾಯಿ, ಬೇವು, ಕಿರಾತಕಡ್ಡಿ ಮೂರನ್ನೂ ಅರೆದು ಕೊಟ್ಟಂತೆ! ಡೆನಟೋನಿಯಂ ಬೆಂಜೋಯೇಟ್ ಎಂಬ ರಾಸಾಯನಿಕದ ಲೇಪ ಅದು. 1958ರಲ್ಲಿ ಸ್ಕಾಟ್ಲೆಂಡಿನಲ್ಲಿ ಪತ್ತೆಯಾದ ಇದು ತಿಳಿದಿರುವ ಅತಿ ಕಹಿ ವಸ್ತುಗಳಲ್ಲೊಂದು. ಸ್ಪಿರಿಟ್ಟನ್ನು ಯಾರೂ ಕುಡಿಯದಿರಲೆಂದು ಅದಕ್ಕೂ ಬೆರೆಸುವುದುಂಟು. ಮೊಮ್ಮಗಳು ನನ್ನ ಮುಖ ನೋಡಿ ಹೊಟ್ಟೆ ಹಿಡಿದು ನಕ್ಕಳು. ತಾನು ನೆಕ್ಕಲಿಲ್ಲ. ಲೇಪ ತನ್ನ ಕೆಲಸ ಮಾಡಿತ್ತು.

ಆಟದ ಡಬ್ಬಿಯ ಮೂಲೆಯಲ್ಲಿ 3, 7, 12, 16, 18 ಎಂಬ ಅಂಕಿಗಳಲ್ಲೊಂದು ಇದ್ದರೆ ಅದು ಯುರೋಪಿನ ವಯೋಮಿತಿಯ ಗುರುತು. ಆಟ ಎಷ್ಟು ಕಷ್ಟ ಎಂಬುದರ ಸೂಚನೆಯಲ್ಲ ಅದು. ಅದರಲ್ಲಿರುವ ಹಿಂಸೆ, ಭಯ, ಭಾಷೆ ಯಾವ ವಯಸ್ಸಿಗೆ ತಕ್ಕದ್ದು ಎಂಬುದರ ಸೂಚನೆ. ‘ನಮ್ಮ ಹುಡುಗ ಬಹಳ ಚುರುಕು, 18ರದ್ದನ್ನೇ ಆಡುತ್ತಾನೆ’ ಎಂದು ಹೆಮ್ಮೆಪಡುವುದರಲ್ಲಿ ಅರ್ಥವಿಲ್ಲ.

ನಾನು ಆರಿಸಿದ್ದು ಬಳಸಿದ ಒಂದು ‘ಸ್ವಿಚ್’, ಜೊತೆಗೆ ಇಬ್ಬರು ಸೇರಿ ಆಡುವ ಒಂದೇ ಒಂದು ಕಾರ್ಡು, ಅಂಕಿ 3ರದ್ದು. ಖಾತರಿ ಅಂಗಡಿಯವರದೇ, ಬಿಲ್ಲಿನ ಮೇಲೆ ಬರೆಸಿಕೊಂಡೆ. ಹಣ ಎಣಿಸುವ ಮೊದಲು ಟಿ.ವಿ.ಗೆ ಜೋಡಿಸಿ, ಕಂಟ್ರೋಲರಿನ ಒಂದೊಂದು ಗುಂಡಿಯನ್ನೂ ಒತ್ತಿ, ಕಡ್ಡಿಯನ್ನು ನಾಲ್ಕು ದಿಕ್ಕಿಗೂ ತಿರುಗಿಸಿ, ಕೈ ಬಿಟ್ಟಾಗ ಪರದೆಯ ಗೊಂಬೆ ತಾನಾಗಿ ಜರುಗುತ್ತದೆಯೇ ಎಂದು ನೋಡಿದೆ. ಎರಡನೆಯದನ್ನು ಮೊದಲು ಪರೀಕ್ಷಿಸಿದೆ. ಹುಡುಗ ‘ಸಾರ್, ಸಾಕು’ ಎನ್ನುವವರೆಗೂ ಪರೀಕ್ಷಿಸಿದೆ.

ಗಡಿಯಾರದ ಲೆಕ್ಕ

ವಾಪಸು ರೈಲಿನಲ್ಲಿ ಪೆಟ್ಟಿಗೆ ತೊಡೆಯ ಮೇಲಿತ್ತು, ಮೊಮ್ಮಗಳು ಅದಕ್ಕೆ ತಲೆಯಾನಿಸಿ ನಿದ್ದೆಹೋಗಿದ್ದಳು. ಎದುರು ಕೂತಿದ್ದ ಹಿರಿಯರೊಬ್ಬರು ವಿಷಯ ತಿಳಿದು, ‘ಮಕ್ಕಳನ್ನು ಹಾಳುಮಾಡುವ ವಸ್ತುವನ್ನು ಮೇಷ್ಟ್ರೇ ಹೊತ್ತುಕೊಂಡು ಹೋಗ್ತಿದ್ದೀರಲ್ಲ’ ಎಂದರು. ಅವರ ಆತಂಕ ಸುಳ್ಳಲ್ಲ. ಇದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆಟ, ಫೋನು, ಅಂತರ್ಜಾಲದ ಅತಿಬಳಕೆಗೆ ಸಿಲುಕಿದವರಿಗಾಗಿಯೇ ‘ಶಟ್’ ಎಂಬ ಚಿಕಿತ್ಸಾಲಯ 2014ರಲ್ಲಿ ಆರಂಭವಾಯಿತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಗೆ ಆಟದ ವ್ಯಸನವನ್ನು 2019ರಲ್ಲಿ ಸೇರಿಸಿತು. 2022ರಿಂದ ಆ ಪಟ್ಟಿ ಜಾರಿಯಲ್ಲಿದೆ. ಆದರೆ ಹೆಚ್ಚು ಹೊತ್ತು ಆಡಿದ ಮಾತ್ರಕ್ಕೆ ಅದು ವ್ಯಸನವಲ್ಲ. ಆಟದ ಮೇಲಿನ ಹಿಡಿತ ತಪ್ಪಿ, ಊಟ, ಓದು, ಗೆಳೆಯರೆಲ್ಲ ಹಿಂದಾಗಿ, ಕೆಡುಕಾಗುತ್ತಿದ್ದರೂ ಬಿಡಲಾಗದ ಸ್ಥಿತಿ ಸಾಮಾನ್ಯವಾಗಿ ಒಂದು ವರ್ಷ ಕಂಡುಬಂದರೆ ವೈದ್ಯರು ಹಾಗೆ ಹೇಳುತ್ತಾರೆ.

ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆಯಂತೆ ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ. ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಐದರಿಂದ ಹತ್ತರವರೆಗೆ ಎರಡು ಗಂಟೆಗಿಂತ ಕಡಿಮೆ ಇರಬೇಕು. ಇದು ಟಿ.ವಿ., ಫೋನು, ಆಟ ಎಲ್ಲ ಸೇರಿದ ಲೆಕ್ಕ. ಯಂತ್ರದೊಳಗೇ ಹೊತ್ತಿನ ಮಿತಿ ಹಾಕುವ ಸೌಲಭ್ಯ ಈಗ ಇದೆ, ಹಾಕಬೇಕು. ಅದಕ್ಕಿಂತ ಒಳ್ಳೆಯ ಬೀಗ ಯಾವುದೆಂದು ಆ ಹಿರಿಯರು ಕೇಳಿದರು. ‘ಇನ್ನೊಬ್ಬರು ಪಕ್ಕದಲ್ಲಿ ಕೂತರೆ ಆಟ ತಾನಾಗಿ ನಿಲ್ಲುತ್ತದೆ ಸ್ವಾಮಿ. ಅವರಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತದಲ್ಲ’ ಎಂದೆ. ಅವರು ನಕ್ಕರು.

ಸಂಜೆ ಮನೆಯಲ್ಲಿ ಎಲ್ಲ ಜೋಡಿಸಿದೆ. ಮೊದಲ ತುಂಡನ್ನು ಮೊಮ್ಮಗಳ ಕೈಗೆ ಕೊಟ್ಟೆ. ಎರಡನೆಯದನ್ನು ಮಗಳ ಕಡೆ ಚಾಚಿದೆ. ಅವಳು ತಕ್ಷಣ ತೆಗೆದುಕೊಳ್ಳಲಿಲ್ಲ.

ಈ ಕಂಟ್ರೋಲರಿಗೆ ವೈರಿಲ್ಲ. ಅದರ ಅಂಚಿನಲ್ಲಿ ಸಾಲಾಗಿ ನಾಲ್ಕು ಪುಟ್ಟ ಹಸಿರು ದೀಪಗಳಿವೆ. ಮೊದಲ ಆಟಗಾರನದಕ್ಕೆ ಒಂದು ಉರಿಯುತ್ತದೆ, ಎರಡನೆಯವರದಕ್ಕೆ ಎರಡು. ಮಗಳು ಅದನ್ನು ಕೈಗೆತ್ತಿಕೊಂಡು, ತಿರುಗಿಸಿ, ಉರಿಯುತ್ತಿದ್ದ ಆ ಎರಡು ದೀಪಗಳನ್ನು ನೋಡಿದಳು. ಒಂದು ಗುಂಡಿ ಒತ್ತಿದಳು. ಪರದೆಯ ಮೇಲೆ ಎರಡನೆಯ ಗೊಂಬೆ ಹಾರಿತು. ಇನ್ನೊಮ್ಮೆ ಒತ್ತಿದಳು, ಇನ್ನೊಮ್ಮೆ ಹಾರಿತು.

‘ಇದು ಬೇಕಂತಲೇ ಪರೀಕ್ಷೆ ಮಾಡಿ ತಂದದ್ದು’ ಎಂದೆ. ಬೇರೇನೋ ಹೇಳಬೇಕೆಂದಿದ್ದೆ, ಬಾಯಿಗೆ ಬಂದದ್ದು ಅದು.

‘ಗೊತ್ತಾಗುತ್ತಪ್ಪಾ’ ಎಂದು ಅವಳು ಮಗಳ ಪಕ್ಕದಲ್ಲಿ ಚಾಪೆಯ ಮೇಲೆ ಕೂತಳು. ಇಬ್ಬರ ನಾಲಿಗೆಯೂ ಒಂದೇ ಬಗೆಯಲ್ಲಿ ಸ್ವಲ್ಪ ಹೊರಗೆ ಚಾಚಿತ್ತು.